ತಿಪಟೂರಿನಲ್ಲೊಂದು ಹೀಟರ್

ಸುಟ್ಟುಹೋದ ಬೋರ್‌ವೆಲ್ ಮೋಟಾರಿನ ತಾಮ್ರದ ತಂತಿ ಹಾಕಿ ಬರೋಣವೆಂದು ಗುಜರಿ ಅಂಗಡಿಗೆ ಹೋಗಿದ್ದೆ. ನನಗಿಂತ ಮುಂಚೆ ಬಂದವರ ಸಾಮಾನು ತಕ್ಕಡಿಯ ಮೇಲಿತ್ತು. ತಳ ತೂತಾದ ಒಂದು ಹಂಡೆ, ಅದರೊಳಗೆ ಅಂಗೈಗಿಂತ ಸ್ವಲ್ಪ ದೊಡ್ಡದಾದ, ಮೈತುಂಬ ಜಾಲರಿಯಿರುವ ಒಂದು ಪೆಟ್ಟಿಗೆ, ಅದಕ್ಕೆ ಎರಡು ಮೂತಿ. ಗೊತ್ತಿದ್ದೂ ಕೇಳಿದೆ: ‘ಇದೇನಪ್ಪಾ?’

‘ಕಾರ್ ಹೀಟರ್‌ದು ಮೇಷ್ಟ್ರೇ, ಒಳ್ಳೇ ತಾಮ್ರ. ಎಲ್ರೂ ಬೈಪಾಸ್ ಮಾಡ್ಸಿ ಬಿಸಾಕ್ತಾರೆ’ ಅಂದ.

ತಂತಿಯ ರೇಟು ಕೇಳುವುದೇ ಮರೆತುಹೋಯಿತು. ಅಂಥದ್ದೇ ಒಂದು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವನು ನಾನು. ಅದನ್ನು ಕಿಲೋ ಲೆಕ್ಕದಲ್ಲಿ ತೂಗುವುದನ್ನು ನೋಡಿಕೊಂಡು ಸುಮ್ಮನಿರಲು ಆಗಲಿಲ್ಲ.

ತಿಪಟೂರಿನವನೊಬ್ಬ ಕಾರಿನ ಹೀಟರ್ ರಿಪೇರಿ ಮಾಡಿಕೊಂಡ ಎಂದರೆ ಕೇಳಿದವರು ನಗುತ್ತಾರೆ. ನಗಲಿ. ಸಮುದ್ರಮಟ್ಟದಿಂದ ಸುಮಾರು 860 ಮೀಟರ್ ಮೇಲಿದ್ದರೂ ನಮ್ಮೂರ ಚಳಿ ಎಂದರೆ ಧನುರ್ಮಾಸದಲ್ಲಿ ಮಫ್ಲರ್ ಸುತ್ತಿಕೊಂಡು ಎರಡು ಲೋಟ ಕಾಫಿ ಜಾಸ್ತಿ ಕುಡಿಯುವಷ್ಟು, ಅಷ್ಟೇ. ಬಿಸಿಲು ಏರಿದ ಮೇಲೆ ಬಿ.ಎಚ್. ರಸ್ತೆಯಲ್ಲಿ ನಡೆದವನಿಗೆ ಹೀಟರ್ ಎಂಬ ಮಾತೇ ಕುಚೋದ್ಯವೆನಿಸುತ್ತದೆ.

ನಮ್ಮ ಕಾರು ಕೊಬ್ಬರಿಗೆ ಒಳ್ಳೇ ರೇಟು ಬಂದ ವರ್ಷ ಅಪ್ಪ ಕೊಂಡದ್ದು. ಈಗಲೂ ಓಡುತ್ತದೆ, ಅದಕ್ಕೆ ಮನಸ್ಸು ಬಂದಾಗ. ಮೊದಲು ಬಂದದ್ದು ಒಂಥರಾ ಸಿಹಿ ವಾಸನೆ. ಆಮೇಲೆ ಎಡಗಡೆ ಕೂತವರ ಕಾಲಡಿಯ ಮ್ಯಾಟು ಒದ್ದೆಯಾಗತೊಡಗಿತು, ಮಳೆಯಿಲ್ಲದ ದಿನವೂ. ಮುಂದಿನ ಗಾಜಿನ ಒಳಮೈಗೆ ಜಿಡ್ಡು ಜಿಡ್ಡಾದ ಮಬ್ಬು ಕೂತು, ಬಟ್ಟೆಯಲ್ಲಿ ಒರೆಸಿದಷ್ಟೂ ಹರಡುತ್ತಿತ್ತು. ಕೂಲೆಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ಸೋರಿ ಆವಿಯಾದರೆ ಹೀಗೆ. ಸಿಹಿಯೂ ಹೌದು, ವಿಷವೂ ಹೌದು. ನೆಲಕ್ಕೆ ಚೆಲ್ಲಿದ್ದನ್ನು ನಾಯಿ ಬೆಕ್ಕು ನೆಕ್ಕಿದರೆ ಉಳಿಯುವುದು ಕಷ್ಟ.

ಮೆಕ್ಯಾನಿಕ್ ಬಾನೆಟ್ ಎತ್ತಿದವನೇ ತೀರ್ಪು ಕೊಟ್ಟ. ‘ಹೀಟರ್ ಲೀಕ್ ಮೇಷ್ಟ್ರೇ. ಎರಡೂ ಪೈಪ್ ಬಿಚ್ಚಿ ಒಂದಕ್ಕೊಂದು ಸೇರಿಸಿಬಿಡ್ತೀನಿ, ಬೈಪಾಸ್. ತಿಪಟೂರ್ನಾಗೆ ಹೀಟರ್ ಇಟ್ಕೊಂಡು ಏನ್ ಮಾಡ್ತೀರಾ?’

‘ರಿಪೇರಿ ಮಾಡಿದ್ರೆ?’

‘ಅದೊಂದು ಪೆಟ್ಟಿಗೆಗೋಸ್ಕರ ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸ್ಬೇಕು. ನಾನಂತೂ ಕೈ ಹಾಕಲ್ಲ.’

ಅವನು ಹೇಳಿದ್ದರಲ್ಲಿ ತಪ್ಪೇನಿಲ್ಲ. ಆದರೆ ಅಪ್ಪ ಆ ಹೀಟರನ್ನು ಒಮ್ಮೆ ಬಳಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ, ಅದೂ ಚಳಿಗಲ್ಲ. ಧರ್ಮಸ್ಥಳದಿಂದ ವಾಪಸು ಬರುವಾಗ, ಉರಿಯುವ ಏಪ್ರಿಲ್. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿದ್ದೇವೆ, ಮುಂದೆ ಲಾರಿಗಳ ಸಾಲು, ಟೆಂಪರೇಚರ್ ಮುಳ್ಳು ಕೆಂಪು ಗೆರೆಯ ಹತ್ತಿರ. ಅಪ್ಪ ಏನೂ ಮಾತಾಡದೆ ಹೀಟರ್ ಪೂರ್ತಿ ತೆರೆದು ಫ್ಯಾನನ್ನೂ ಜೋರು ಮಾಡಿದರು. ಕಾಲಿಗೆ ಕಾದ ಗಾಳಿ ರಾಚಿತು. ಅಮ್ಮ ‘ಇವರಿಗೇನು ಬಂತು’ ಎಂದು ಮಂಜುನಾಥನನ್ನೇ ಕೇಳಿದಳು. ಅಪ್ಪ ರಸ್ತೆಯಿಂದ ಕಣ್ಣು ತೆಗೆಯದೆ, ‘ಅದರ ಬಿಸೀನ ನಾವೂ ಸ್ವಲ್ಪ ಹಂಚ್ಕೋಬೇಕು ಕಣೇ’ ಅಂದರು. ಸಕಲೇಶಪುರಕ್ಕೆ ಬರುವ ಹೊತ್ತಿಗೆ ನಾವೆಲ್ಲ ಬೆವರಿನಲ್ಲಿ ತೊಯ್ದು ತೊಪ್ಪೆ. ಮುಳ್ಳು ಮಾತ್ರ ಮಧ್ಯಕ್ಕೆ ಬಂದು ನಿಂತಿತ್ತು.

ಹೀಟರ್ ಎಂದರೆ ಕಾರಿನ ಎರಡನೇ ರೇಡಿಯೇಟರೇ, ಗಾತ್ರದಲ್ಲಿ ಚಿಕ್ಕದು. ಸುಟ್ಟ ಪೆಟ್ರೋಲಿನ ಶಕ್ತಿಯಲ್ಲಿ ಚಕ್ರದ ಪಾಲಿಗೆ ಬರುವುದು ಹೆಚ್ಚುಕಮ್ಮಿ ಕಾಲುಭಾಗ. ಉಳಿದದ್ದರಲ್ಲಿ ಒಂದು ದೊಡ್ಡ ಪಾಲು ಹೊಗೆಯ ಜೊತೆ ಸೈಲೆನ್ಸರ್‌ನಿಂದ ಹೊರಗೆ, ಇನ್ನೊಂದು ಎಂಜಿನ್ ಸುತ್ತ ಹರಿಯುವ ನೀರಿಗೆ. ಆ ನೀರನ್ನು ರಬ್ಬರ್ ಪೈಪಿನಲ್ಲಿ ಡ್ಯಾಶ್‌ಬೋರ್ಡಿನ ಹಿಂದಕ್ಕೆ ತಂದು, ಜಾಲರಿಯಲ್ಲಿ ಹರಿಸಿ, ಹಿಂದಿನಿಂದ ಫ್ಯಾನು ಬೀಸಿದರೆ ಮುಗಿಯಿತು. ಹನಿ ಪೆಟ್ರೋಲ್ ಜಾಸ್ತಿ ಬೇಡ. ಮಟ್ಟೆ ನಾರಿಗೆ, ಚಿಪ್ಪು ಇದ್ದಿಲಿಗೆ, ಗರಿ ಚಪ್ಪರಕ್ಕೆ, ಕಡ್ಡಿ ಪೊರಕೆಗೆ ಎಂದು ತೆಂಗಿನಲ್ಲಿ ಒಂದು ಚೂರೂ ಬಿಡದ ಸೀಮೆ ನಮ್ಮದು. ನಾವು ಇಷ್ಟು ಬಿಸಿಯನ್ನು ಬೈಪಾಸ್ ಮಾಡಿ ಬೀದಿಗೆ ಬಿಡುವುದು ನನ್ನ ಲೆಕ್ಕಕ್ಕೆ ಕೂಡಲಿಲ್ಲ.

ಮೆಕ್ಯಾನಿಕ್ ಕೈ ಹಾಕುವುದಿಲ್ಲವೆಂದ ಮೇಲೆ ನಾನೇ ಹಾಕಬೇಕು. ಹಾಕುವ ಮುಂಚೆ ಓದಿಕೊಳ್ಳುವುದು ಮೇಷ್ಟ್ರ ಚಾಳಿ. ಓದಲು ಹೋದದ್ದು ಬೋಲ್ಟು ಎಲ್ಲಿದೆ ಎಂದು, ಸಿಕ್ಕಿಬಿದ್ದದ್ದು ಇದ್ದಿಲಿನಲ್ಲಿ.

ನೀರಿನ ಹೀಟರ್ ತಡವಾಗಿ ಬಂದದ್ದು. ಫೋರ್ಡ್ ಮಾಡೆಲ್ ಎ ಕಾರಿನಲ್ಲಿ ಎಂಜಿನ್ನಿನ ಹೊಗೆಕೊಳವೆಯ ಸುತ್ತ ಕಾದ ಗಾಳಿಯನ್ನೇ ಒಳಕ್ಕೆ ಬಿಡುತ್ತಿದ್ದರು. 1950ರ ದಶಕದಲ್ಲೂ ಎಷ್ಟೋ ಇಂಗ್ಲಿಷ್ ಕಾರುಗಳಿಗೆ ಹೀಟರ್ ಬೇಕೆಂದರೆ ಮೇಲೆ ದುಡ್ಡು ಕೊಡಬೇಕಿತ್ತು. ಇವೆಲ್ಲಕ್ಕಿಂತ ಮೊದಲು ಶಿಕಾಗೋದಲ್ಲಿ ಕ್ಲಾರ್ಕ್ ಹೀಟರ್ ಎಂದೊಂದು ತಯಾರಾಗುತ್ತಿತ್ತು. ಮೇಲೆ ಜಮಖಾನೆ ಹೊದಿಸಿದ ಉದ್ದನೆಯ ತಗಡಿನ ಪೆಟ್ಟಿಗೆ, ಅದರೊಳಗೊಂದು ಖಾನೆ, ಖಾನೆಯಲ್ಲಿ ಕೆಂಪಗೆ ಕಾಯಿಸಿದ ಇದ್ದಿಲ ಇಟ್ಟಿಗೆ. ಸಾರೋಟಿನಲ್ಲಿ ಕಾಲಡಿಗೆ ಇಟ್ಟುಕೊಳ್ಳಲು ಮಾಡಿದ್ದು. ಕಾರು ಬಂದ ಮೇಲೆ ಅದಕ್ಕೂ ಬಂತು.

ನಮ್ಮಲ್ಲಿ ಬಾಣಂತಿ ಮಂಚದ ಕೆಳಗೆ ಚಿಪ್ಪಿನ ಕೆಂಡದ ಅಗ್ಗಿಷ್ಟಿಕೆ ಇಡುತ್ತಿದ್ದರಲ್ಲ, ಅದೇ ಇದು, ಚಕ್ರ ಕಟ್ಟಿಕೊಂಡು ಹೊರಟಿದೆ ಅಷ್ಟೆ. ಕಾರಿನ ಹೀಟರ್ ಕಂಡುಹಿಡಿದವಳು ತುರುವೇಕೆರೆ ಕಡೆಯ ಯಾವುದೋ ಸೂಲಗಿತ್ತಿ ಅಜ್ಜಿ ಎಂದು ಯಾವ ಸಭೆಯಲ್ಲಿ ಬೇಕಾದರೂ ವಾದಿಸಲು ಸಿದ್ಧನಿದ್ದೇನೆ. ನಮ್ಮಜ್ಜಿ ಕೆಂಡ ಇಟ್ಟ ಮೇಲೆ ಕೋಣೆಯ ಬಾಗಿಲನ್ನು ಪೂರ್ತಿ ಮುಚ್ಚಲು ಬಿಡುತ್ತಿರಲಿಲ್ಲ. ‘ಕೆಂಡಕ್ಕೂ ಉಸಿರಾಡೋಕೆ ಜಾಗ ಬೇಕು’ ಎನ್ನುತ್ತಿದ್ದಳು. ಇದ್ದಿಲು ಗಾಳಿ ಸಾಲದೆ ಉರಿದರೆ ಹುಟ್ಟುವ, ಬಣ್ಣ ವಾಸನೆ ಎರಡೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಹೆಸರನ್ನು ಅವಳು ಕೇಳಿರಲಿಲ್ಲ.

ತಮಾಷೆ ಎಂದರೆ ತಾತ ಓಡಾಡಿದ್ದು ಅದೇ ಗ್ಯಾಸಿನ ಮೇಲೆ. ಎರಡನೇ ಮಹಾಯುದ್ಧದಲ್ಲಿ, 1941ರಿಂದ, ಪೆಟ್ರೋಲ್‌ಗೆ ರೇಷನ್ ಬಂತು. ಬಸ್ಸುಗಳು ಬೆನ್ನಿಗೆ ಆಳೆತ್ತರದ ಡ್ರಮ್ಮು ಕಟ್ಟಿಕೊಂಡವು. ಡ್ರಮ್ಮಿನೊಳಗೆ ಇದ್ದಿಲನ್ನು ಅರೆಗಾಳಿಯಲ್ಲಿ ಉರಿಸಿ, ಬಂದ ಗ್ಯಾಸನ್ನು ಸೋಸಿ ತಣಿಸಿ ಎಂಜಿನ್ನಿಗೆ ಕೊಡುವುದು. ಆಗ ನಮ್ಮ ಕಡೆ ಸರ್ಕಾರಿ ಬಸ್ಸಿಲ್ಲ. ಮೈಸೂರು ಸರ್ಕಾರದ ಸಾರಿಗೆ ಇಲಾಖೆ 120 ಬಸ್ಸು ಬಿಟ್ಟು ಶುರುವಾದದ್ದೇ 1948ರ ಸೆಪ್ಟೆಂಬರ್ 12ಕ್ಕೆ. ತುರುವೇಕೆರೆಯಿಂದ ತಿಪಟೂರು ಸಂತೆಗೆ ಬರುವ ಖಾಸಗಿ ಬಸ್ಸಿನ ಕಥೆಯನ್ನು ತಾತ ಸಾಯುವವರೆಗೂ ಹೇಳಿದರು. ಕ್ಲೀನರ್ ಹುಡುಗ ಡ್ರಮ್ಮಿನ ಪಕ್ಕದ ಹಿಡಿಕೆ ತಿರುಗಿಸಿ ತಿರುಗಿಸಿ ಗಾಳಿ ಊದಬೇಕು. ಆಚೆ ಬಂದ ಗ್ಯಾಸಿಗೆ ಕಡ್ಡಿ ಗೀರಿ, ಹತ್ತಿಕೊಂಡರೆ ಎಂಜಿನ್ ಎಬ್ಬಿಸುವುದು. ಅಷ್ಟರಲ್ಲಿ ಎದುರಿನ ಹೋಟೆಲಿನಲ್ಲಿ ಒಂದು ಪಂಕ್ತಿ ಊಟ ಮುಗಿಯುತ್ತಿತ್ತಂತೆ. ಪೆಟ್ರೋಲಿನಲ್ಲಿ ಬರುವ ಬಲದಲ್ಲಿ ಮೂರನೇ ಒಂದು ಭಾಗ ಹೇಗೂ ಹೋಗುತ್ತದೆ. ಕೆರೆ ಏರಿ ಬಂದರೆ ಗಂಡಸರೆಲ್ಲ ಇಳಿದು ತಳ್ಳಬೇಕು. ಟಿಕೆಟ್ ಕೊಂಡವರೂ ತಳ್ಳಬೇಕೇ ಎಂದು ತಾತ ಒಮ್ಮೆ ತಕರಾರು ತೆಗೆದರಂತೆ. ‘ಹಾಗಾದ್ರೆ ಕೂತ್ಕಳಿ ಯಜಮಾನ್ರೇ, ಬಸ್ಸೂ ಕೂತ್ಕಳ್ತದೆ’ ಎಂದನಂತೆ ಡ್ರೈವರ್.

ಚಳಿಗಾಲದಲ್ಲಿ ಕೊನೇ ಸೀಟಿಗೆ ಜಗಳ. ಯಾಕೆಂದರೆ ಡ್ರಮ್ಮಿನ ಬಿಸಿ ಬೆನ್ನಿಗೆ ಹಿತವಾಗಿ ತಾಗುತ್ತಿತ್ತು. ಇಳಿಯುವಾಗ ತಲೆನೋವೂ ಬರುತ್ತಿತ್ತಂತೆ. ಅದಕ್ಕೆ ತಾತ ಬಿಸಿಲನ್ನು ಬೈಯುತ್ತಿದ್ದರು. ಆ ಬಸ್ಸಿಗೆ ಹಾಕುತ್ತಿದ್ದದ್ದು ನಮ್ಮ ಚಿಪ್ಪಿನ ಇದ್ದಿಲೇ ಎಂಬುದು ಅವರ ಖಚಿತ ಅಭಿಪ್ರಾಯ. ಸೌದೆ ಇದ್ದಿಲು ಎನ್ನುವವರು ಎನ್ನಲಿ, ನಾನು ತಾತನ ಪಕ್ಷ.

ಅದೇ ಚಿಪ್ಪಿನ ಇದ್ದಿಲು ಹಿಂದಿನ ಯುದ್ಧದಲ್ಲಿ ಇನ್ನೊಂದು ವೇಷ ಹಾಕಿತ್ತು. 1918ರಲ್ಲಿ ಅಮೆರಿಕದವರು ವಿಷಾನಿಲದ ಮುಖವಾಡಕ್ಕೆ ತೆಂಗಿನ ಚಿಪ್ಪಿನ ಇದ್ದಿಲೇ ಶ್ರೇಷ್ಠವೆಂದು ಕಂಡುಕೊಂಡರು. ಚಿಪ್ಪು ಸಾಲದೆ ಹಣ್ಣಿನ ಓಟೆಗಳನ್ನೂ ಎತ್ತಿಡಿ ಎಂದು ಊರೂರಿಗೆ ಸಾರಿದರು. ಚಿಪ್ಪು ಗಟ್ಟಿ, ಅದರ ಇದ್ದಿಲಿನ ರಂಧ್ರಗಳು ಬಲು ಸಣ್ಣ. ಕ್ಲೋರಿನ್ನಿನಂಥ ಅನಿಲ ಅದರಲ್ಲಿ ಹೊಕ್ಕರೆ ಸಿಕ್ಕಿಬಿತ್ತು. ಇಂದಿಗೂ ಕುಡಿಯುವ ನೀರಿನ ಫಿಲ್ಟರಿಗೆ, ಚಿನ್ನದ ಗಣಿಯಲ್ಲಿ ದ್ರಾವಣದಿಂದ ಚಿನ್ನ ಹೀರಲು ಅದೇ ಬೇಕು. ಆದರೆ ಕಾರ್ಬನ್ ಮಾನಾಕ್ಸೈಡನ್ನು ಮಾತ್ರ ಈ ಇದ್ದಿಲು ಹಿಡಿದಿಡಲಾರದು. ಊರಿನ ಕಳ್ಳರನ್ನೆಲ್ಲ ಹಿಡಿಯುತ್ತದೆ, ಹೊಟ್ಟೆಯಲ್ಲಿ ಹುಟ್ಟಿದ್ದನ್ನು ಬಿಟ್ಟುಬಿಡುತ್ತದೆ.

ಇಷ್ಟೆಲ್ಲ ಓದಿ ತಿಳಿದುಕೊಂಡರೂ ಡ್ಯಾಶ್‌ಬೋರ್ಡ್ ಬಿಚ್ಚಿಕೊಳ್ಳಲಿಲ್ಲ. ಕಾರನ್ನು ಕೊಬ್ಬರಿ ಮನೆಗೆ ನುಗ್ಗಿಸಿದೆ. ಮೇಲೆ ಅಟ್ಟದಲ್ಲಿ ವರ್ಷದ ಕಾಯಿ ಒಣಗುತ್ತಿದ್ದವು, ಕೆಳಗೆ ನಾನು. ಬ್ಯಾಟರಿ ತಂತಿ ತೆಗೆದು, ಒಂದೊಂದು ಭಾಗದ ಸ್ಕ್ರೂಗಳನ್ನು ಒಂದೊಂದು ಚಿಪ್ಪಿನ ಹೋಳಿಗೆ ಹಾಕಿ ಸಾಲಾಗಿ ಇಟ್ಟೆ: ಸ್ಟೀರಿಂಗ್ ಹೊದಿಕೆಯದು, ಮೀಟರ್ ಪೆಟ್ಟಿಗೆಯದು, ರೇಡಿಯೋದು. ಕಣ್ಣಿಲ್ಲದ ಹೋಳುಗಳೇ ಆಗಬೇಕು; ಕಣ್ಣಿರುವ ಹೋಳಿನಲ್ಲಿ ಸಣ್ಣ ವಾಷರ್ ಹಾಕಿದರೆ ಕೆಳಗಿನಿಂದ ಜಾರಿಹೋಗುತ್ತದೆ. ನನ್ನವಳು ಕಾಫಿ ತಂದು ಸಾಲು ನೋಡಿ, ‘ಯಾವ ದೇವರಿಗ್ರೀ ಇದು ನೈವೇದ್ಯ?’ ಅಂದಳು.

ಹೀಟರ್ ಪೆಟ್ಟಿಗೆ ಸಿಕ್ಕಿದ್ದು ತೀರ ಒಳಗೆ. ಎಂಜಿನ್ ಕಡೆಯ ಪೈಪ್ ಕಳಚಿ, ಉಳಿದ ಕೂಲೆಂಟನ್ನು ಡಬ್ಬಿಗೆ ಹಿಡಿದು, ಒಳಗಿನ ಜಾಲರಿಯನ್ನು ಎಳೆದೆ. ಪುಡಿಪುಡಿಯಾದ ಫೋಮಿನ ಜೊತೆ ಅದು ಕೈಗೆ ಬಂತು. ಒಂದು ಮೂತಿ ಮುಚ್ಚಿ, ಇನ್ನೊಂದಕ್ಕೆ ಸೈಕಲ್ ಪಂಪು ಕಟ್ಟಿ, ತೊಟ್ಟಿಯ ನೀರಿನಲ್ಲಿ ಮುಳುಗಿಸಿ ಗಾಳಿ ಹೊಡೆದೆ. ಮೂತಿ ಸೇರುವ ಮೂಲೆಯ ಬೆಸುಗೆಯಿಂದ ಗುಳ್ಳೆ ದಾರ ಕಟ್ಟಿದ ಹಾಗೆ ಒಂದರ ಹಿಂದೊಂದು ಎದ್ದವು. ಒಳಗೆ ಬೇರೆ ಸುಣ್ಣ ಕಟ್ಟಿಕೊಂಡಿತ್ತು. ನಮ್ಮ ಬೋರ್‌ವೆಲ್ ನೀರನ್ನು ವರ್ಷಗಟ್ಟಲೆ ರೇಡಿಯೇಟರಿಗೆ ಹುಯ್ದರೆ ಕಟ್ಟದೇ ಇರುತ್ತದೆಯೆ? ದಿನಸಿ ಅಂಗಡಿಯ ನಿಂಬೆಉಪ್ಪನ್ನು ಬಿಸಿನೀರಿನಲ್ಲಿ ಕರಗಿಸಿ ತುಂಬಿಟ್ಟೆ. ಬುಸುಗುಟ್ಟಿ, ಕಂದು ಬಣ್ಣದ ಕೊಳೆ ಕಾರಿಕೊಂಡಿತು.

ಬೆಸುಗೆಯದ್ದೇ ನಾಜೂಕು. ತವರ ಸೀಸ ಬೆರೆತ ಬೆಸುಗೆ 183 ಡಿಗ್ರಿ ಸುಮಾರಿಗೆ ಕರಗತೊಡಗುತ್ತದೆ. ಕೂಲೆಂಟ್ ನೂರರ ಆಸುಪಾಸಿನಲ್ಲಿ ಓಡುವುದರಿಂದ ಕಾರು ಓಡುವಾಗ ಭಯವಿಲ್ಲ. ಭಯವಿರುವುದು ಬೆಸುಗೆ ಹಾಕುವವನಿಗೆ: ಒಂದು ಮೂಲೆ ಕಾಯಿಸಲು ಹೋದರೆ ಪಕ್ಕದ ಬೆಸುಗೆಗಳೆಲ್ಲ ಕರಗಿ ಬಾಯಿಬಿಡುತ್ತವೆ. ಚಿಕ್ಕಂದಿನಲ್ಲಿ ಚಿಕ್ಕನಾಯಕನಹಳ್ಳಿಯಿಂದ ಕಲಾಯಿಯವನು ಬರುತ್ತಿದ್ದ. ಅವನು ನವಸಾಗರ ಉಜ್ಜಿ, ಬಟ್ಟೆಯ ಉಂಡೆಯಲ್ಲಿ ತವರವನ್ನು ಸವರುತ್ತಿದ್ದ ಕೈಯನ್ನು ಗಂಟೆಗಟ್ಟಲೆ ನೋಡುತ್ತ ಕೂತಿದ್ದೇನೆ. ತಾಮ್ರ ಫಳಫಳ ಹೊಳೆಯುವವರೆಗೆ ಕೆರೆದು, ಉಳಿದ ಭಾಗಕ್ಕೆಲ್ಲ ಒದ್ದೆ ಗೋಣಿ ಸುತ್ತಿ, ಬ್ಲೋ ಲ್ಯಾಂಪಿನ ಜ್ವಾಲೆಯನ್ನು ಆ ಮೂಲೆಗಷ್ಟೇ ತೋರಿಸಿದೆ. ತವರ ಒಂದು ಕ್ಷಣ ಗುಂಡಗೆ ನಿಂತು ಯೋಚಿಸಿತು. ಆಮೇಲೆ ಸರಕ್ಕನೆ ಸಂದಿಯೊಳಕ್ಕೆ ಹರಿಯಿತು. ಮತ್ತೆ ತೊಟ್ಟಿಗೆ ಮುಳುಗಿಸಿ ಪಂಪು ಹೊಡೆದೆ. ಗುಳ್ಳೆ ಇಲ್ಲ.

ಜೋಡಿಸುವುದರ ಬಗ್ಗೆ ಹೇಳುವುದೇನಿಲ್ಲ, ಬಿಚ್ಚಿದ್ದನ್ನು ಹಿಂದುಮುಂದಾಗಿ ಮಾಡುವುದು, ಬೈಗುಳ ಸೇರಿಸಿ. ಕೂಲೆಂಟ್ ತುಂಬುವಾಗ ಮಾತ್ರ ಮನೆಯ ಮುಂದಿನ ಇಳಿಜಾರಿನಲ್ಲಿ ಕಾರಿನ ಮೂಗು ಮೇಲಾಗುವಂತೆ ನಿಲ್ಲಿಸಿ, ಹೀಟರ್ ತೆರೆದಿಟ್ಟು, ರೇಡಿಯೇಟರ್ ಮುಚ್ಚಳ ಹಾಕದೆ ಎಂಜಿನ್ ಓಡಿಸಬೇಕು. ಸಿಕ್ಕಿಕೊಂಡ ಗಾಳಿ ಹೊರಬರದಿದ್ದರೆ ಹೀಟರ್ ತಣ್ಣಗೇ ಉಳಿಯುತ್ತದೆ, ಎಂಜಿನ್ ಕಾಯುತ್ತದೆ.

ಪರೀಕ್ಷೆಗೆಂದು ಹುಳಿಯಾರು ರಸ್ತೆಯಲ್ಲಿ ಹೊರಟಾಗ ಮಟಮಟ ಮಧ್ಯಾಹ್ನ. ಹೀಟರ್ ಹಾಕಿದೆ. ಮ್ಯಾಟು ಒಣಗಿದೆ, ವಾಸನೆ ಇಲ್ಲ, ಬಿಸಿಗಾಳಿ ಧಾರಾಳ. ‘ಹೇಗಿದೆ?’ ಎಂದೆ. ‘ತುಂಬ ಚೆನ್ನಾಗಿದೆ’ ಎಂದ ನನ್ನವಳು ಕಿಟಕಿಯನ್ನು ಪೂರ್ತಿ ಇಳಿಸಿಕೊಂಡಳು.

ಸುದ್ದಿ ಮೆಕ್ಯಾನಿಕ್‌ಗೂ ಮುಟ್ಟಿದೆ. ಮೊನ್ನೆ ಅವನದೇ ಫೋನು: ‘ಮೇಷ್ಟ್ರೇ, ಚಿಕ್ಕನಾಯಕನಹಳ್ಳಿ ಪಾರ್ಟಿ ಒಬ್ರು ಬಂದವ್ರೆ. ಹೀಟರ್ ಲೀಕು, ಬೈಪಾಸ್ ಬೇಡ ಅಂತ ಹಟ ಹಿಡ್ದವ್ರೆ. ನಿಮ್ ಚಿಪ್ಪು ತಗೊಂಡು ಒಂದ್ ಗಳಿಗೆ ಬರ್ತೀರಾ?’