ಎರಡು ಸಿನಿಮಾ, ಮೂರು ದೋಸೆ

ಗಣೇಶನ ಹಬ್ಬದ ಊಟದ ಪಂಕ್ತಿಯಲ್ಲಿ ಸಂಪಾದಕರು ನಮ್ಮನ್ನು ಹಿಡಿದು, ಈ ಸಂಚಿಕೆಗೆ ಏನಾದರೂ ಬರೆದುಕೊಡಲೇಬೇಕೆಂದರು. ರಸಾಯನಶಾಸ್ತ್ರ ಮಾತ್ರ ಬೇಡ ಎಂಬ ಎಚ್ಚರಿಕೆಯೂ ಜೊತೆಗೆ ಬಂತು. ಹಾಗಾಗಿ ನಾವು ನೋಡಿದ ಎರಡು ಸಿನಿಮಾ ಹಾಗೂ ತಿಂದ ಮೂರು ದೋಸೆಗಳ ವಿಚಾರ ಬರೆಯುತ್ತಿದ್ದೇವೆ. ರಸಾಯನಶಾಸ್ತ್ರ ನಡುವೆ ಒಂದು ಕಡೆ ನುಸುಳಿದರೆ ಕ್ಷಮೆ ಇರಲಿ.

ಮೊದಲನೆಯ ಸಿನಿಮಾ 2024ರ ಬೇಸಿಗೆಯದು. ಮಗಳಿಗೆ ಆಗ ಆರು ವರ್ಷ. ಅವಳ ಹಟಕ್ಕೆ ಮಣಿದು ಇಲ್ಲೇ ಮಾನ್‌ಹೈಮಿನಲ್ಲಿ ‘ಇನ್‌ಸೈಡ್ ಔಟ್ 2’ಕ್ಕೆ ಹೋದೆವು. ಜರ್ಮನಿಯಲ್ಲಿ ಅದರ ಹೆಸರು ‘ಆಲೆಸ್ ಷ್ಟೇಟ್ ಕಾಪ್ಫ್ 2’. ಈ ದೇಶದಲ್ಲಿ ಹಾಲಿವುಡ್ ನಟರೆಲ್ಲ ಜರ್ಮನ್ ಮಾತಾಡುತ್ತಾರೆಂಬುದು ನಿಮಗೆ ಗೊತ್ತೇ ಇದೆ. ಮೂಲ ಭಾಷೆಯಲ್ಲೇ ನೋಡಬೇಕೆಂದರೆ ಪಟ್ಟಿಯಲ್ಲಿ ‘ಓ.ವಿ.’ ಅಥವಾ ‘ಓ.ಎಂ.ಯು.’ ಎಂಬ ಗುರುತನ್ನು ಹುಡುಕಬೇಕು. ಕನ್ನಡದಲ್ಲಿ ಡಬ್ಬಿಂಗ್‌ಗೆ ದಶಕಗಳ ಕಾಲ ಅಡ್ಡಿಯಿದ್ದು, 2015ರಲ್ಲಿ ಸ್ಪರ್ಧಾ ಆಯೋಗ ಅದು ಸಲ್ಲದೆಂದು ಆದೇಶಿಸಿದಾಗ ಎಷ್ಟು ಗದ್ದಲವಾಯಿತು! ಇಲ್ಲಿ ಡಬ್ಬಿಂಗ್ ಇಲ್ಲದಿದ್ದರೇ ಗದ್ದಲವಾದೀತು.

ಚಿತ್ರಮಂದಿರ ತುಂಬಿತ್ತು. ಮಕ್ಕಳೆಲ್ಲ ಒಟ್ಟಿಗೆ ಘೊಳ್ಳೆಂದು ನಗುವರು, ನಾವಿಬ್ಬರೂ ಒಂದು ಕ್ಷಣ ತಡವಾಗಿ ನಗುವೆವು. ಪ್ರಯೋಗಾಲಯದಲ್ಲಿ ದಿನವಿಡೀ ಜರ್ಮನ್ ಮಾತಾಡಿದರೂ, ಹಾಸ್ಯ ಮಾತ್ರ ತಲೆಯೊಳಗೆ ಒಂದು ಸುತ್ತು ಹಾಕಿಯೇ ಇಳಿಯುತ್ತದೆ. ಮಗಳು ನಮ್ಮತ್ತ ಬಗ್ಗಿ, ಪಾಪ, ಕೆಲವು ಮಾತುಗಳನ್ನು ಬಿಡಿಸಿ ಹೇಳಿದಳು. ಅದೂ ಜರ್ಮನ್‌ನಲ್ಲೇ.

ಆ ಹೊತ್ತಿಗೆ ಅವಳ ಕನ್ನಡ ಕೈಬಿಟ್ಟಿತೆಂದೇ ನಮ್ಮ ಲೆಕ್ಕ. ನಾವು ಕನ್ನಡದಲ್ಲಿ ಕೇಳಿದರೆ ಜರ್ಮನ್‌ನಲ್ಲಿ ಉತ್ತರ. ಶಾಲೆಗೆ ಸೇರಿಸುವ ಮುನ್ನ ಶಿಕ್ಷಕಿಯೊಬ್ಬರು, ಮನೆಯಲ್ಲೂ ಜರ್ಮನ್ ಮಾತಾಡಿದರೆ ಮಗುವಿಗೆ ಸುಲಭವಾದೀತು ಎಂದಿದ್ದರು. ನಾವು ಎದುರಾಡಲಿಲ್ಲ. ಭಾನುವಾರ ಪುತ್ತೂರಿನ ಅಜ್ಜಿಗೆ ಮಾಡುವ ಫೋನು ಕೂಡ ಅರ್ಧ ಗಂಟೆಯಿಂದ ಹತ್ತು ನಿಮಿಷಕ್ಕೆ ಇಳಿಯಿತು. ಅಜ್ಜಿಯ ಮನೆಮಾತು ತುಳು, ಮೊಮ್ಮಗಳೊಡನೆ ಕನ್ನಡ. ದನ, ಮಳೆ, ಅಡಿಕೆಗೆ ಬಂದ ಕೊಳೆರೋಗ, ಪಕ್ಕದ ಮನೆಯ ಮದುವೆ ಎಂದು ಅವರು ಒಂದೇ ಸಮನೆ ಹೇಳುತ್ತಾರೆ. ಇವಳು ‘ಹೂಂ’ ಎನ್ನುತ್ತಾಳೆ. ಬರೀ ‘ಹೂಂ’ಗಾಗಿ ಅರ್ಧ ಗಂಟೆ ಏಕೆ ಎಂದುಕೊಂಡೆವು.

ಎರಡನೆಯ ಸಿನಿಮಾ 2025ರ ಆಗಸ್ಟಿನದು, ‘ಸು ಫ್ರಮ್ ಸೋ’. ಜೆ.ಪಿ. ತುಮಿನಾಡು ನಿರ್ದೇಶಿಸಿದ, ರಾಜ್ ಬಿ. ಶೆಟ್ಟಿ ನಿರ್ಮಾಪಕರಲ್ಲೊಬ್ಬರಾದ ಈ ಚಿತ್ರ ಊರಲ್ಲಿ ಜುಲೈ 25ರಂದು ಬಿಡುಗಡೆಯಾಗಿತ್ತು. ಕರಾವಳಿಯ ಹಳ್ಳಿಯೊಂದರ ಯುವಕನ ಮೈಮೇಲೆ ಸೋಮೇಶ್ವರದ ಸುಲೋಚನಾ ಎಂಬವಳ ದೆವ್ವ ಬಂದಿದೆಯೆಂದು ಊರಿಗೆ ಊರೇ ನಂಬುವ ಕಥೆ. ‘ಸು’ ಎಂದರೆ ಸುಲೋಚನಾ, ‘ಸೋ’ ಎಂದರೆ ಸೋಮೇಶ್ವರ. ಸುಮಾರು 80 ಕಿ.ಮೀ. ದೂರದ ಫ್ರಾಂಕ್‌ಫರ್ಟ್ ಕಡೆ ಭಾನುವಾರ ಒಂದು ಪ್ರದರ್ಶನವಿದೆಯೆಂದು ತಿಳಿದು ಹೊರಟೆವು. ಮಗಳಿಗೆ ಬೇಸರವಾದರೆ ಇರಲೆಂದು ಬಣ್ಣದ ಪೆನ್ಸಿಲ್, ಪುಸ್ತಕ, ಬಿಸ್ಕತ್ತು ಎಲ್ಲ ಚೀಲದಲ್ಲಿತ್ತು. ಅಡಿಬರಹ ಇಂಗ್ಲಿಷಿನದು. ಅವಳು ಓದಬಲ್ಲದ್ದು ಜರ್ಮನ್ ಮಾತ್ರ, ಅದೂ ಬೆರಳಿಟ್ಟು.

ಸಿನಿಮಾ ಶುರುವಾಯಿತು. ಮುಂದಿನ ಸಾಲಿನ ಹೈಸ್ಕೂಲು ಹುಡುಗರು ಅಡಿಬರಹ ಓದಿ, ನಟ ಮಾತು ಮುಗಿಸುವ ಮೊದಲೇ ನಕ್ಕರು. ಮಾತು ಮುಗಿದೊಡನೆ ಮಂಗಳೂರಿನವರು ನಕ್ಕರು. ಆಮೇಲೆ ಬೆಂಗಳೂರು, ಮೈಸೂರಿನವರು. ನಮ್ಮಿಬ್ಬರಲ್ಲಿ ಒಬ್ಬರ ಊರು ಪುತ್ತೂರು, ಇನ್ನೊಬ್ಬರದು ಹಾಸನ. ಹಾಸನದವರು ಮೂರನೆಯ ಗುಂಪಿನೊಡನೆ ನಕ್ಕರೆಂದು ಬೇರೆ ಹೇಳಬೇಕಾಗಿಲ್ಲ. ನಮ್ಮ ಮಗಳು ಮಂಗಳೂರಿನವರ ಜೊತೆ ನಕ್ಕಳು.

ಸಂಶಯಪಡುವುದು ನಮ್ಮ ಕಸುಬು. ಸುತ್ತಲಿನವರು ನಕ್ಕರೆಂದು ಇವಳೂ ನಗುತ್ತಿರಬಹುದು ಎಂದುಕೊಂಡು, ಸಿನಿಮಾ ಬಿಟ್ಟು ಅವಳನ್ನೇ ನೋಡುತ್ತ ಕುಳಿತೆವು. ಮೆಲುದನಿಯ ಮಾತೊಂದು ಬಂತು. ಇಡೀ ಮಂದಿರದಲ್ಲಿ ಮೂರೋ ನಾಲ್ಕೋ ಜನ ನಕ್ಕರು. ಅವರಲ್ಲಿ ಇವಳೊಬ್ಬಳು. ಪೆನ್ಸಿಲ್ ಡಬ್ಬಿ ಚೀಲದಿಂದ ಹೊರಗೆ ಬರಲೇ ಇಲ್ಲ.

ಮನೆಗೆ ಮರಳುವಾಗ ಸಂಜೆ ಏಳಾಗಿತ್ತು. ನಮ್ಮ ಬಡಾವಣೆಯ ದೋಸೆ ಹೋಟೆಲಿಗೆ ಹೋದೆವು. ಅದರ ಮಾಲೀಕರು 1983ರ ಗಲಭೆಯ ನಂತರದ ವರ್ಷಗಳಲ್ಲಿ ಶ್ರೀಲಂಕಾದಿಂದ ಬಂದ ತಮಿಳರು. ಮೂರು ಮಸಾಲೆ ದೋಸೆ ಹೇಳಿದೆವು. ಅಂದು ಜನ ಹೆಚ್ಚು, ಕಾವಲಿ ಒಂದೇ. ಇಪ್ಪತ್ತು ನಿಮಿಷ ಕಳೆದರೂ ದೋಸೆಯ ಸುಳಿವಿಲ್ಲ. ನಾವಿಬ್ಬರೂ ಗಡಿಯಾರ ನೋಡುವುದು, ಅಡಿಗೆಮನೆಯ ಬಾಗಿಲು ನೋಡುವುದು. ನೀರಿನ ಲೋಟದೊಡನೆ ಆಡುತ್ತಿದ್ದ ಮಗಳು ತಲೆಯೆತ್ತದೆ ಹೇಳಿದಳು: ‘‘ಮಂಡೆಬಿಸಿ ಮಾಡ್ಬೇಡಿ, ಬರ್ತದೆ.’’

ಸಾಕ್ಷಾತ್ ಅಜ್ಜಿಯ ದನಿ. ನಾವಿಬ್ಬರೂ ಅವಳೊಡನೆ ಎಂದೂ ಆಡದ ಮಾತು. ಮದುವೆಯಾದ ಹೊಸದರಲ್ಲಿ ಹಾಸನದವರು ‘ಮಂಡೆಬಿಸಿ’ ಎಂದರೆ ಜ್ವರವೆಂದು ತಿಳಿದು ಮಾತ್ರೆ ಹುಡುಕಿದ್ದುಂಟು. ಹತ್ತು ನಿಮಿಷಕ್ಕಿಳಿದ ಫೋನಿನಲ್ಲೂ ‘ಹೂಂ’ ಎನ್ನುತ್ತಲೇ ಈ ಮಗು ಇದನ್ನೆಲ್ಲ ಕೂಡಿಡುತ್ತಿತ್ತೇ?

ದೋಸೆ ಬಂತು. ಹೊಂಬಣ್ಣ, ಗರಿಗರಿ, ನಡುವೆ ಹದವಾದ ಹುಳಿ. ಮಾಲೀಕರೇ ತಂದಿಟ್ಟು, ತಡವಾಯಿತೆಂದು ನೊಂದುಕೊಂಡರು. ಇಲ್ಲಿಯ ಚಳಿಗಾಲದಲ್ಲಿ ನಮ್ಮ ಮನೆಯ ಹಿಟ್ಟು ಉಬ್ಬುವುದೇ ಇಲ್ಲವಲ್ಲ, ನೀವೇನು ಮಾಡುತ್ತೀರಿ ಎಂದು ಕೇಳಿದೆವು. ‘‘ನೀವು ಬೆಳಿಗ್ಗೆ ನೋಡಿ ಚೆಲ್ಲುತ್ತೀರಿ, ನಾವು ಸಂಜೆಯವರೆಗೆ ಕಾಯುತ್ತೇವೆ’’ ಎಂದು ನಕ್ಕರು.

ರಸಾಯನಶಾಸ್ತ್ರ ನುಸುಳುವುದು ಇಲ್ಲೇ. ಉದ್ದಿನ ಬೇಳೆಯೊಡನೆಯೇ ಬರುವ ಲ್ಯೂಕೊನಾಸ್ಟಾಕ್ ಮುಂತಾದ ಸೂಕ್ಷ್ಮಜೀವಿಗಳು ಹಿಟ್ಟಿನ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತವೆ. ಹಿಟ್ಟು ಹುಳಿಯಾಗಿ ಉಬ್ಬುವುದು ಇದರಿಂದ. 30 ಡಿಗ್ರಿ ಸೆಖೆಯಲ್ಲಿ ಒಂದು ರಾತ್ರಿ ಸಾಕು. 18 ಡಿಗ್ರಿಯ ಅಡಿಗೆಮನೆಯಲ್ಲಿ ಅವು ಸತ್ತಿರುವುದಿಲ್ಲ, ನಿಧಾನವಾಗಿರುತ್ತವೆ ಅಷ್ಟೆ. ಇದು ನಮಗೆ ಗೊತ್ತಿರದ ವಿಷಯವಲ್ಲ. ಡಾಕ್ಟರೇಟ್ ಪಡೆದವರೇ ಬೆಳಿಗ್ಗೆ ಮುಚ್ಚಳ ತೆಗೆದು, ಉಬ್ಬಿಲ್ಲವೆಂದು ಎಷ್ಟೋ ಸಲ ಹಿಟ್ಟು ಚೆಲ್ಲಿದ್ದೇವೆ.

ಸೋಮವಾರದಿಂದ ಮಗಳು ಮತ್ತೆ ಜರ್ಮನ್‌ಗೆ ಮರಳಿದಳು. ಒಂದು ಸಿನಿಮಾದಿಂದ ಪವಾಡವೇನೂ ಆಗಲಿಲ್ಲ. ಆದರೆ ನಾವು ಕನ್ನಡದಲ್ಲೇ ಕೇಳುತ್ತೇವೆ, ಉತ್ತರ ಯಾವ ಭಾಷೆಯಲ್ಲಾದರೂ ಬರಲಿ ಎಂದು ಬಿಟ್ಟಿದ್ದೇವೆ. ಸದಸ್ಯ ಬಂಧುಗಳಲ್ಲೂ ಒಂದು ವಿನಂತಿ: ಮುಂದಿನ ಕನ್ನಡ ಚಿತ್ರಕ್ಕೆ, ಅಡಿಬರಹ ಓದಲು ಬಾರದ ಚಿಕ್ಕ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಬರಬೇಡಿ. ಅವರು ಯಾರ ಜೊತೆ ನಗುತ್ತಾರೆಂದು ಒಮ್ಮೆ ನೋಡಿ.

ಭಾನುವಾರದ ಫೋನು ಮತ್ತೆ ಅರ್ಧ ಗಂಟೆಯಾಗಿದೆ. ಏಕೆ ಕಡಿಮೆ ಮಾಡಿದಿರೆಂದು ಅಜ್ಜಿ ಆಗ ಕೇಳಿರಲಿಲ್ಲ. ಏಕೆ ಹೆಚ್ಚಿಸಿದಿರೆಂದು ಈಗಲೂ ಕೇಳಲಿಲ್ಲ. ಕಳೆದ ವಾರ ಎಲ್ಲಿ ನಿಲ್ಲಿಸಿದ್ದರೋ ಅಲ್ಲಿಂದಲೇ, ಪಕ್ಕದ ಮನೆಯ ಮದುವೆಯ ಸುದ್ದಿ ಮುಂದುವರಿಸಿದರು.