ಬರ್ಫ ಕಾಣದವರ ಥಂಡಿ

ನಮ್ಮ ರಾಯಚೂರು ಸೀಮೆಯಲ್ಲಿ ಬರ್ಫ ಅನ್ನೋದು ಬೇಸಿಗೆಯ ಮಾತು, ಚಳಿಗಾಲದ್ದಲ್ಲ. ಬಿಸಿಲು ೪೦ ಡಿಗ್ರಿ ದಾಟಿದಾಗ ತಳ್ಳುಗಾಡಿಯ ಮೇಲೆ ಗೋಣಿಚೀಲ ಹೊದ್ದು, ಮರದ ಹೊಟ್ಟು ಮೆತ್ತಿಕೊಂಡು ಬರುವ ಗಡ್ಡೆಗೆ ನಾವು ಬರ್ಫ ಅಂತೀವಿ. ಅದು ಆಕಾಶದಿಂದ ಪುಕ್ಕಟೆ ಬೀಳ್ತದ ಅಂತ ಸಾಲಿ ಪುಸ್ತಕ ಹೇಳಿದಾಗ ನಮ್ಮ ಕೇರಿಯ ಹುಡುಗರು ಯಾರೂ ನಂಬಲಿಲ್ಲ. ಪುಕ್ಕಟೆ ಸಿಗುವಂಥದ್ದು ನಮ್ಮ ಓಣಿಗೆ ಯಾವಾಗ ಬಂದದ್ದು?

ಆಮೇಲೆ ಸಿನೆಮಾದಾಗ ನೋಡಿದೆವು. ಗುಲ್ಮಾರ್ಗದ ಬಿಳುಪು, ದಾಲ್ ಸರೋವರದ ದೋಣಿ. ಹೀರೋ ಹೀರೋಯಿನ್ನು ಎಲ್ಲಿಗೂ ಹೋಗಬೇಕಾಗಿಲ್ಲ, ಸುಮ್ಮನೆ ನಡೆಯುತ್ತಾರೆ. ನಮಗೆ ಬರ್ಫಕ್ಕಿಂತ ವಿಚಿತ್ರ ಕಂಡದ್ದು ಇದು. ಕೆಲಸವಿಲ್ಲದೆ ನಡೆಯೋದು! ನಮ್ಮವರು ನಡೆದದ್ದೆಲ್ಲ ಕೂಲಿಯ ಕಡೆಗೆ, ಒಂದು ಕೊಡ ನೀರಿನ ಕಡೆಗೆ, ಇಲ್ಲವೇ ಗುಳೆ ಹೋಗುವ ಬಸ್ಸಿನ ಕಡೆಗೆ. ನಮ್ಮ ಸೀಮೆಯ ಬಡವರ ಮಕ್ಕಳು ನಿಜವಾದ ಹಿಮದ ಮೇಲೆ ನಡೆದದ್ದೂ ಪಗಾರಕ್ಕಾಗಿಯೇ. ೨೦೧೬ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ ಆರು ದಿನ ಹಿಮದಡಿ ಹೂತುಹೋಗಿದ್ದು, ಜೀವಂತ ಸಿಕ್ಕು, ಮೂರೇ ದಿನದಲ್ಲಿ ತೀರಿಕೊಂಡ ಹನುಮಂತಪ್ಪ ಕೊಪ್ಪದ ಧಾರವಾಡ ಜಿಲ್ಲೆಯ ಬೆಟದೂರಿನವರು.

ದೇವದುರ್ಗದ ಕಡೆಯ ಚಳಿಗಾಲಕ್ಕೂ ಒಂದು ಬಿಳುಪು ಅದ. ಅದು ಹತ್ತಿ. ಎರಿ ಹೊಲದ ಕರಿ ಮೈಮೇಲೆ ಕಣ್ಣು ಹರಿಯುವ ತನಕ ಬಿಳುಪು. ನವೋದಯದ ಕವಿಗಳು ಇಬ್ಬನಿಯೊಳಗೆ ಮುತ್ತು ಕಂಡರು, ನಮ್ಮ ಅವ್ವಂದಿರು ಅದರಾಗ ಕಿಲೋ ಲೆಕ್ಕ ಕಂಡರು. ಹತ್ತಿ ಬಿಡಿಸುವ ಕೂಲಿ ತೂಕದ ಮೇಲೆ. ಇಬ್ಬನಿ ಕುಡಿದ ಹತ್ತಿ ಜಾಸ್ತಿ ತೂಗ್ತದ. ಅದಕ್ಕೇ ಹೊಲದ ಸಾಹುಕಾರ, 'ಇಬ್ಬನಿ ಆರೋತನಕ ಹತ್ತಿ ಮುಟ್ಟಬ್ಯಾಡ್ರಿ' ಅಂತಾನೆ. ಹಸಿ ಹತ್ತಿ ಕೆಡ್ತದ ಅನ್ನೋದೂ ಖರೇ. ಆದರೆ ಬದುವಿನ ಮೇಲೆ ನಡುಗುತ್ತ ಕುಂತ ಆ ತಾಸಿಗೆ ಕೂಲಿ ಯಾರು ಕೊಡಬೇಕು? ಬಿಸಿಲು ಏರಿದ ಮೇಲೆ ಉಡಿ ಕಟ್ಟಿ ಸಾಲು ಹಿಡಿದರೆ, ಒಣಗಿದ ಕಾಯಿಯ ಚೂಪು ತುದಿ ಥಂಡಿಗೆ ಸೀಳಿದ ಬೆರಳಿಗೇ ಚುಚ್ಚುತ್ತದೆ.

ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆ ಅದ. ಎರಡನೇ ಬೆಳೆಗೆ ನೀರು ಸಿಕ್ಕ ವರ್ಷ ಜನವರಿಯಲ್ಲಿ ನೆಲ್ಲು ಹಚ್ಚುವ ಕೆಲಸ. ಮುಂಜಾನೆಯ ಮಂಜಿನಾಗ ಗದ್ದೆಗಳೆಲ್ಲ ಸರೋವರದ ಹಾಗೇ ಕಾಣ್ತಾವ; ಫೋಟೋ ತೆಗೆದು ಕ್ಯಾಲೆಂಡರಿಗೆ ಹಾಕಬಹುದು. ಮೊಣಕಾಲುದ್ದ ತಣ್ಣನೆ ಕೆಸರಿನಲ್ಲಿ ಬಾಗಿದವಳು ಆ ಫೋಟೋದಾಗ ಒಂದು ಚುಕ್ಕಿ.

ಕೆರೆಯ ಚೆಂದ ಹಾಡುವ ಮೊದಲು ದಂಡೆಗೆ ಹೋಗಲು ಬಿಡಬೇಕಲ್ಲ. ನಮ್ಮ ಅಜ್ಜಿಯರು ಊರ ಬಾವಿಯ ಹತ್ತಿರ ಖಾಲಿ ಕೊಡ ಇಟ್ಟು, ಯಾರಾದರೂ ಸೇದಿ ಹಾಕಲಿ ಅಂತ ದೂರ ನಿಂತವರು. ಕೆರೆದಂಡೆಯ ನಡಿಗೆ ಅಂದಕೂಡಲೇ ನಮಗೆ ನೆನಪಾಗುವುದು ೧೯೨೭ರ ಮಾರ್ಚ್ ೨೦. ಅವತ್ತು ಮಹಾಡದ ಚವದಾರ ಕೆರೆಗೆ ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದುಹೋಗಿ ನೀರು ಕುಡಿದರು.

ಡಿಗ್ರಿಗೆಂದು ರಾಯಚೂರಿಗೆ ಬಂದ ಮೇಲೆ ನಾವೂ ಸುಮ್ಮನೆ ನಡೆಯಲು ಕಲಿತೆವು. ಹಾಸ್ಟೆಲಿನ ಆರು ಮಂದಿ, ನಡುವೆ ಎರಡು ಸ್ವೆಟರು. ಥಂಡಿ ದಿನದ ಐತವಾರ ಮಾವಿನಕೆರೆ ದಂಡೆ, ಅಲ್ಲಿಂದ ಕೋಟೆ ಗುಡ್ಡ. ಮೇಲೆ ನಿಂತರೆ ಊರೆಲ್ಲ ಹೊಗೆ ಮಂಜು ಕಲೆತು ಕಾಣ್ತದ. ಚೆಂದ ಅದ. ಚೆಂದ ಅನ್ನಲಿಕ್ಕೆ ನಾವೇಕೆ ಹೆದರಬೇಕು? ಹಸಿದವನಿಗೆ ನಿಸರ್ಗದ ಉಸಾಬರಿ ಯಾಕೆ ಅಂತ ನಮ್ಮ ಕೆಲವು ಸಂಗಾತಿಗಳೇ ಕೇಳುತ್ತಾರೆ. ನಾವು ಒಪ್ಪೂದಿಲ್ಲ. ಹೊಟ್ಟೆ ಹಸಿದರೆ ಕಣ್ಣು ಹೋಗೂದಿಲ್ಲ. ಹೊಲ, ಬಾವಿ, ಗುಡಿ ಎಲ್ಲ ಅವರದಾದ ಮೇಲೆ ಮುಂಜಾನೆಯನ್ನೂ ಅವರಿಗೇ ಬಿಟ್ಟುಕೊಡೋಣವೇ?

ಈ ಕೋಟೆಯ ಗೋಡೆಯಲ್ಲಿ ೧೯ ಅಲ್ಲ ೨೦ ಅಲ್ಲ, ೪೦ ಅಡಿ ದಾಟುವ ಉದ್ದದ ಒಂದೇ ಕಲ್ಲು ಅದ. ೧೨೯೪ರಲ್ಲಿ ಕಾಕತೀಯರ ಕಾಲದಲ್ಲಿ ಬರೆಸಿದ ಶಾಸನ ಅದರ ಮೇಲೆ. ಕಟ್ಟಿಸಿದ ದೊರೆಗಳ ಹೆಸರು ಕೆತ್ತಿದ್ದಾರೆ, ಕಲ್ಲನ್ನು ಬಂಡಿಯಲ್ಲಿ ಎಳೆತಂದ ಚಿತ್ರವನ್ನೂ ಬಿಡಿಸಿದ್ದಾರೆ. ಎಳೆಸಿದವರ ಮೈ ಬೆವರಿಗೆ ಹೆಸರಿಲ್ಲ.

ಇಂಥದೇ ಬಂಡೆ ನೆರೆಯ ತೆಲಂಗಾಣದ ಭುವನಗಿರಿಯಲ್ಲೂ ಅದ. ಅಲ್ಲಿ ಹಗ್ಗ ಹಿಡಿದು ಹತ್ತುವುದನ್ನು ಕಲಿತವರು ಸಮಾಜ ಕಲ್ಯಾಣ ವಸತಿ ಶಾಲೆಯ ಇಬ್ಬರು ಮಕ್ಕಳು. ಒಬ್ಬಳು ಆದಿವಾಸಿ ಕೂಲಿಕಾರರ ಮಗಳು ಮಾಲಾವತ್ ಪೂರ್ಣಾ, ಇನ್ನೊಬ್ಬ ದಲಿತ ಹುಡುಗ ಆನಂದಕುಮಾರ. ೨೦೧೪ರ ಮೇ ೨೫ರಂದು ೮,೮೪೮ ಮೀಟರ್ ಎತ್ತರದ ಎವರೆಸ್ಟಿನ ತುದಿಯಲ್ಲಿ ಇಬ್ಬರೂ ನಿಂತರು. ಪೂರ್ಣಾಗೆ ಇನ್ನೂ ಹದಿನಾಲ್ಕು ತುಂಬಿರಲಿಲ್ಲ. ಬಾಬಾಸಾಹೇಬರ ಫೋಟೋ ಜೊತೆಗೆ ಒಯ್ದಿದ್ದರು. ಅವರಿಗೆ ಸಿಕ್ಕದ್ದು ಪವಾಡವೇನಲ್ಲ: ಕಲಿಸುವವರು, ಬೂಟು, ಬೆಚ್ಚನೆ ಅಂಗಿ, ಹೊಟ್ಟೆ ತುಂಬ ಊಟ. ನಮ್ಮ ಹಾಸ್ಟೆಲಿನಲ್ಲಿ ಬಿಸಿನೀರಿಗೂ ಅರ್ಜಿ ಬರೆದು ಎರಡು ಚಳಿಗಾಲ ಕಾದಿದ್ದೆವು.

ಮಾಸ್ತರೇ, ನಿಮ್ಮ ಸಾಲಿಯ ಮಕ್ಕಳನ್ನ ಎಳ್ಳಮವಾಸಿ ಕಳೆದ ಐತವಾರ ರಾಯಚೂರಿಗೆ ಕರಕೊಂಡು ಬರ್ರಿ. ಹೆಣ್ಣುಮಕ್ಕಳನ್ನೂ ಕಳಿಸಲಿಕ್ಕೆ ಅವ್ವಂದಿರಿಗೆ ಹೇಳ್ರಿ. ಸ್ವೆಟರ್ ಇಲ್ಲದಿದ್ದರೆ ಕೌದಿ ಹೊದ್ದುಕೊಂಡೇ ಬರಲಿ. ಮುಂಜಾನೆ ಏಳಕ್ಕೆ ನಾವು ಮಾವಿನಕೆರೆ ದಂಡಿ ಮ್ಯಾಲ ಇರ್ತೀವಿ.