ಹದಿನೈದು ಕರೆಂಟು

19 ಆಗಸ್ಟ್ 2024, ಸೋಮವಾರ

ಒಂದು ಮುಗಿಯಿತು. ಇನ್ನು ಹದಿನಾಲ್ಕು.

ದೂರವಾಣಿನಗರದಿಂದ ಕೆ.ಆರ್. ಪುರ ಸ್ಟೇಷನ್ನಿಗೆ ಆಟೋ, ಅಲ್ಲಿಂದ ಇಂದಿರಾನಗರಕ್ಕೆ ಮೆಟ್ರೋ, ಇಳಿದು ಆಸ್ಪತ್ರೆಗೆ ಮತ್ತೆ ಆಟೋ. ಹೋದ ವರ್ಷದ ಅಕ್ಟೋಬರ್‌ವರೆಗೆ ಕೆ.ಆರ್. ಪುರಕ್ಕೂ ಬೈಯಪ್ಪನಹಳ್ಳಿಗೂ ನಡುವೆ ಮೆಟ್ರೋ ಇರಲಿಲ್ಲ. ಆಗ ಈ ಕ್ಯಾನ್ಸರ್ ಬಂದಿದ್ದರೆ ತೂಗುಸೇತುವೆಯ ಟ್ರಾಫಿಕ್ಕಿನಲ್ಲೇ ಅರ್ಧ ಜೀವ ಹೋಗಿರುತ್ತಿತ್ತು.

ರೇಡಿಯೇಶನ್ ಮೇಜಿನ ಮೇಲೆ ಇದ್ದದ್ದು ಕಾಲು ಗಂಟೆ. ಅದರಲ್ಲಿ ಯಂತ್ರ ಕೆಲಸ ಮಾಡಿದ್ದು ಎರಡೋ ಮೂರೋ ನಿಮಿಷ. ಉಳಿದದ್ದೆಲ್ಲ ನನ್ನನ್ನು ಜೋಡಿಸಿಡುವ ಕೆಲಸ. ಎಡಗೈ ತಲೆಯ ಮೇಲಕ್ಕೆತ್ತಿ ಹಿಡಿಕೆ ಹಿಡಿಯಬೇಕು. ಫೆಬ್ರವರಿಯಲ್ಲಿ ಎಡ ಸ್ತನದ ಜೊತೆ ಕಂಕುಳಿನ ಗಂಟುಗಳನ್ನೂ ತೆಗೆದ ಮೇಲೆ ಆ ಕೈ ಮೇಲೇಳಲು ಹಟ ಮಾಡುತ್ತದೆ. ತಿಂಗಳುಗಟ್ಟಲೆ ಗೋಡೆಯ ಮೇಲೆ ಬೆರಳು ನಡೆಸಿ ನಡೆಸಿ ಇಷ್ಟಕ್ಕೆ ತಂದಿದ್ದೇನೆ. ಯಂತ್ರ ನಡೆಸುವ ಹುಡುಗರಿಬ್ಬರು ಗೋಡೆಯಿಂದ ಬರುವ ಹಸಿರು ಗೆರೆಗೆ ನನ್ನ ಎದೆಯ ನೇರಳೆ ಗೆರೆಯನ್ನು ಸರಿಹೊಂದಿಸುತ್ತಾರೆ, ಅರ್ಧ ಸೆಂಟಿಮೀಟರ್ ಆಚೆ, ಈಚೆ. ಐ.ಟಿ.ಐ. ಟೆಲಿಫೋನ್ ಕಾರ್ಖಾನೆಯಲ್ಲಿ ನಾನು ರಿಲೇಗಳ ಸಂದು ಅಳೆಯುತ್ತಿದ್ದದ್ದು ಹೀಗೇ. ಮೂವತ್ತು ವರ್ಷ ಬೆಸುಗೆ ಹಾಕಿದವಳಿಗೆ ಅಳತೆಯ ಮೇಲೆ ಕಣ್ಣಿಟ್ಟ ಕೆಲಸ ಕಂಡರೆ ಗೌರವ.

ಮೆಟ್ರೋದ್ದೂ ನೇರಳೆ ಮಾರ್ಗ, ಎದೆಯ ಮೇಲಿನದೂ ನೇರಳೆ ಮಾರ್ಗ. ಈ ಎರಡನೆಯದನ್ನು ಸೋಪು ಹಾಕಿ ಉಜ್ಜಬಾರದು. ಮೈಗೆ ಸಡಿಲ ಹತ್ತಿ ಬಟ್ಟೆಯೇ ಬೇಕು, ನಮ್ಮ ಮನೆಯವರ ಹಳೆ ಬನಿಯನ್ನುಗಳಿಗೆ ಒಳ್ಳೆಯ ಕಾಲ ಬಂತು.

20 ಆಗಸ್ಟ್, ಮಂಗಳವಾರ

ಕಾಯುವ ಬೆಂಚಿನಲ್ಲಿ ಕನ್ನಡ, ತಮಿಳು, ತೆಲುಗು, ದಖನಿ ಎಲ್ಲವೂ ಇದೆ. ರೇಡಿಯೇಶನ್ನಿಗೆ ಮಾತ್ರ ಎಲ್ಲರ ಬಾಯಲ್ಲೂ ಒಂದೇ ಹೆಸರು: ಕರೆಂಟ್. "ನಿಮಗೆ ಎಷ್ಟು ಕರೆಂಟು?" "ಇಪ್ಪತ್ತು. ನಿಮಗೆ?" ಲಡ್ಡು ಲೆಕ್ಕ ಕೇಳಿದ ಹಾಗೆ.

ಈ ಪದ ಯಾರು ತಂದರೋ. ಪದದ ಜೊತೆ ಭಯವೂ ಬಂದಿದೆ. ಶಾಕ್ ಹೊಡೆಯುತ್ತದೆ, ಮೈ ಸುಡುತ್ತದೆ, ಕರೆಂಟ್ ತಗೊಂಡವರನ್ನು ಮುಟ್ಟಿದರೆ ನಮಗೂ ಹತ್ತುತ್ತದೆ. ಎದುರು ಕೂತಿದ್ದ ಹೂವಿನಾಕೆ ಶಿವಾಜಿನಗರದವಳು, ರಸೆಲ್ ಮಾರ್ಕೆಟ್ಟಿನ ಹತ್ತಿರ ಹೂವು ಮಾರುತ್ತಾಳೆ. ಎಂಟು ಕರೆಂಟು ಮುಗಿದಿದೆ. ಅಷ್ಟು ದಿನದಿಂದ ಸೊಸೆ ಮಗುವನ್ನು ಕೈಗೆ ಕೊಟ್ಟಿಲ್ಲವಂತೆ. ತಮಿಳು ಬೆರೆಸಿದ ಕನ್ನಡದಲ್ಲಿ ಹೇಳಿ, ಅತ್ತದ್ದಕ್ಕಿಂತ ಹೆಚ್ಚಾಗಿ ಬೈದಳು.

ನಾನು ಕೇಳಿದೆ, "ಅಂಗಡಿ ಬಲ್ಬ್ ಆರಿಸಿದ ಮೇಲೆ ಬೆಳಕು ಬುಟ್ಟಿಯೊಳಗೆ ಉಳೀತದಾ?"

"ಇಲ್ಲ."

"ಇದೂ ಅಷ್ಟೇ. ಯಂತ್ರ ನಿಂತ ಕ್ಷಣ ಕಿರಣ ನಿಂತಿತು. ಮೈಯಲ್ಲಿ ಏನೂ ಉಳಿಯೋಲ್ಲ."

ನಂಬಿದಳೋ ಇಲ್ಲವೋ. ಒಳಗೆ ವಿಕಿರಣ ಸೂಸುವ ಕಾಳು ಇಟ್ಟು ಕೊಡುವ ಬೇರೆ ಥರದ ರೇಡಿಯೇಶನ್ನೂ ಇದೆ, ಅದರ ನಿಯಮ ಬೇರೆ; ಅದನ್ನು ಇವತ್ತೇ ಹೇಳಿ ಗೊಂದಲ ಮಾಡಲಿಲ್ಲ. ನಾಳೆ ಸೊಸೆಯನ್ನೇ ಕರೆದುಕೊಂಡು ಬಾ, ಡಾಕ್ಟರ ಬಾಯಿಂದ ಕೇಳಲಿ ಎಂದೆ.

22 ಆಗಸ್ಟ್, ಗುರುವಾರ

ಹೊಸಕೋಟೆ ಕಡೆಯ ಅಜ್ಜಿಯೊಬ್ಬರು ಬಂದಿದ್ದಾರೆ. ಎಡಗಡೆಯದೇ, ನನ್ನ ಹಾಗೆ. ಎಡಗಡೆಯವರಿಗೆ ಉಸಿರಿನ ಕೆಲಸ ಒಂದು ಹೆಚ್ಚು. ದೀರ್ಘವಾಗಿ ಉಸಿರೆಳೆದು ಇಪ್ಪತ್ತು ಸೆಕೆಂಡು ಹಿಡಿಯಬೇಕು. ಎದೆ ಉಬ್ಬಿದಾಗ ಹೃದಯ ಎದೆಗೋಡೆಯಿಂದ ಹಿಂದಕ್ಕೆ ಸರಿಯುತ್ತದೆ, ಕಿರಣ ಅದಕ್ಕೆ ಕಡಿಮೆ ತಾಗುತ್ತದೆ. ಅಜ್ಜಿಗೆ ಆಗಲಿಲ್ಲ. ಸ್ಪೀಕರಿನಲ್ಲಿ "ಬ್ರೀತ್ ಇನ್, ಹೋಲ್ಡ್" ಎಂದರೆ "ಆಂ?" ಎನ್ನುತ್ತಿದ್ದರಂತೆ. ನಾಳೆ ಅಭ್ಯಾಸ ಮಾಡಿಕೊಂಡು ಬನ್ನಿ ಎಂದು ಕರೆಂಟಿಗೆ ಮೊದಲಿನ ಸ್ಕ್ಯಾನ್ ಮಾಡದೆ ಕಳಿಸಿದರು. ಫ್ರೀ ಬಸ್ಸಿದ್ದರೇನು, ಒಂದು ದಿನ ಹೋಯಿತಲ್ಲ, ಮೊಮ್ಮಗನ ಕಾಲೇಜೂ ಹೋಯಿತು.

ಪಕ್ಕದಲ್ಲಿ ಕೂರಿಸಿಕೊಂಡೆ. ನನ್ನ ಹೊಟ್ಟೆಯ ಮೇಲೆ ಅವರ ಕೈ ಇಡಿಸಿ ತೋರಿಸಿದೆ. ಊಹೂಂ. ಹೊಟ್ಟೆ ಉಬ್ಬಿಸುತ್ತಾರೆ, ಭುಜ ಎತ್ತುತ್ತಾರೆ, ಎದೆ ಮಾತ್ರ ಏಳದು. ಬಾವಿಗೆ ಧುಮುಕುವ ಹಾಗೆ ಎಂದೆ, ಈಜು ಬರುವುದಿಲ್ಲ ಎಂದರು. ಕೊನೆಗೆ ಹೊಳೆಯಿತು.

"ಅಜ್ಜಿ, ಒಲೆ ಊದ್ತೀರಾ?"

"ಊದದೆ? ಗ್ಯಾಸು ಮೊನ್ನೆ ಮೊನ್ನೆ ಬಂದಿದ್ದು."

"ಊದುಗೊಳವೆ ಬಾಯಿಗಿಟ್ಟು ಉಸಿರೆಳ್ಕೊತೀರಲ್ಲ, ಊದೋಕೆ ಮುಂಚೆ, ಅಲ್ಲೇ ನಿಲ್ಲಿ."

ಮುಷ್ಟಿಯನ್ನೇ ಗೊಳವೆ ಮಾಡಿ ಬಾಯಿಗಿಟ್ಟುಕೊಂಡರು. ಎದೆ ಎದ್ದಿತು. ನಿಂತಿತು. ಮೊಮ್ಮಗ ಮೊಬೈಲಿನಲ್ಲಿ ಎಣಿಸಿದ: ಇಪ್ಪತ್ತಾರು. ಎಪ್ಪತ್ತು ದಾಟಿದವರು ನನ್ನನ್ನು ಸೋಲಿಸಿಬಿಟ್ಟರು! ಒಳಗಿನ ಹುಡುಗರಿಗೆ ಹೇಳಿಬಂದೆ, ನಾಳೆ ಸ್ಪೀಕರಿನಲ್ಲಿ "ಊದುಗೊಳವೆ" ಅನ್ನಿ ಸಾಕು. ಒಬ್ಬ ಕೇರಳದವನು, ಅಂಗೈ ಮೇಲೆ ಮಲಯಾಳದಲ್ಲಿ ಬರೆದುಕೊಂಡ.

28 ಆಗಸ್ಟ್, ಬುಧವಾರ

ಯಂತ್ರ ಕೆಟ್ಟಿದೆ. ಬೆಳಿಗ್ಗೆಯೇ ಗೊತ್ತಿತ್ತಂತೆ, ಯಾರಿಗೂ ಫೋನ್ ಮಾಡಿಲ್ಲ. ಮೂರು ಗಂಟೆ ಕೂರಿಸಿ ವಾಪಸ್ ಕಳಿಸಿದರು. ಯಂತ್ರ ಕೆಡುವುದು ತಪ್ಪಲ್ಲ, ಹೇಳದಿರುವುದು ತಪ್ಪು. ಕೌಂಟರಿನಲ್ಲಿ ಅದನ್ನೇ ಕನ್ನಡದಲ್ಲಿ ಬರೆದುಕೊಟ್ಟು ಬಂದೆ. ಇವತ್ತಿನದು ಕೊನೆಗೆ ಸೇರುತ್ತದೆ. ಸೆಪ್ಟೆಂಬರ್ ಆರಕ್ಕೆ ಮುಗಿಯಬೇಕಾದ್ದು ಒಂಬತ್ತಕ್ಕೆ ಹೋಯಿತು.

ಅಕ್ಕ ಫೋನ್ ಮಾಡಿದ್ದಳು. ಅವಳದು ತೊಂಬತ್ತರ ದಶಕ, ಕಿದ್ವಾಯಿ ಆಸ್ಪತ್ರೆ. ಆಗ ಇಪ್ಪತ್ತೈದು ಕರೆಂಟು, ಐದು ವಾರ. ಕೋಬಾಲ್ಟ್ ಯಂತ್ರ. ಕೋಬಾಲ್ಟ್ ಐದು ವರ್ಷ ಚಿಲ್ಲರೆಯಲ್ಲಿ ಅರ್ಧ ಶಕ್ತಿ ಕಳೆದುಕೊಳ್ಳುತ್ತದೆ, ಹಳೆಯದಾದಷ್ಟೂ ಹೆಚ್ಚು ಹೊತ್ತು ಮಲಗಬೇಕು. ಈಗ ನನಗೆ ಹದಿನೈದು ದಿನದಲ್ಲಿ 40 ಗ್ರೇ ಕಿರಣ, ಅವಳಿಗೆ ಇಪ್ಪತ್ತೈದರಲ್ಲಿ 50. ಕಡಿಮೆ ದಿನವೂ ಸಾಕು ಎಂದು ಇಂಗ್ಲೆಂಡಿನವರು ಸಾವಿರಾರು ಹೆಂಗಸರನ್ನು ಹತ್ತು ವರ್ಷ ನೋಡಿ ತೋರಿಸಿದರು. ಕೆಲವರಿಗೆ ಒಂದೇ ವಾರದಲ್ಲಿ ಐದು ಸಾಕು ಎಂಬಲ್ಲಿಗೂ 2020ರಲ್ಲಿ ಬಂದಿದ್ದಾರೆ. ಅಕ್ಕ ಕೇಳಿದ್ದು ಒಂದೇ: "ಹತ್ತು ಸಲ ಬಸ್ ಚಾರ್ಜು ಉಳೀತಾ?" ಉಳಿಯಿತು ಅಕ್ಕ.

29 ಆಗಸ್ಟ್, ಗುರುವಾರ

ಇವತ್ತು ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾದಲ್ಲಿ ಮಾತೆಯ ಹಬ್ಬದ ಬಾವುಟ ಏರುತ್ತದೆ. ಹೂವಿನಾಕೆ ಕಾವಿ ಸೀರೆಯಲ್ಲಿ ಬಂದಿದ್ದಳು. ಸೆಪ್ಟೆಂಬರ್ 8ರ ತೇರಿನವರೆಗೂ ಅದೇ ಬಣ್ಣ, ಹರಕೆ. ರವಿಕೆ ಮಾತ್ರ ಮಿರಮಿರ ಮಿಂಚುವ ಪಾಲಿಯೆಸ್ಟರ್, ಕಂಕುಳಿನಲ್ಲಿ ಬಿಗಿ. ತೋಳು ಎತ್ತಿ ತೋರಿಸಿದಳು, ಚರ್ಮ ಕಪ್ಪಾಗಿ ಒಂದು ಕಡೆ ಸುಲಿದು ಒದ್ದೆ ಒದ್ದೆ. ಪೌಡರ್ ಹಾಕಿದ್ದಾಳೆ! ತಂಗೀ, ಪೌಡರ್ ಬೇಡ, ಅರಿಶಿನ ಬೇಡ, ಹೋಗಿ ನರ್ಸಿಗೆ ತೋರಿಸು, ಇವತ್ತೇ. ಕಾವಿ ಬಣ್ಣದ ಹತ್ತಿ ರವಿಕೆ ಹೊಲಿಸು, ಸಡಿಲವಾಗಿ. ಮಾತೆ ಬಣ್ಣ ನೋಡುತ್ತಾಳೆ, ಬಟ್ಟೆ ನೋಡುವುದಿಲ್ಲ.

ಸೊಸೆ ಬಂದಿದ್ದಳು. ಡಾಕ್ಟರೂ ಬಲ್ಬಿನ ಮಾತನ್ನೇ ಹೇಳಿದರಂತೆ. ನನ್ನಿಂದ ಕದ್ದರೋ, ಅವರಿಂದ ನಾನು ಕದ್ದೆನೋ.

ಅಜ್ಜಿಗೆ ಇವತ್ತು ಒಂದನೆಯದು.

3 ಸೆಪ್ಟೆಂಬರ್, ಮಂಗಳವಾರ

ಸುಸ್ತು. ದಣಿವಲ್ಲ, ಮಲಗೆದ್ದರೂ ಹೋಗದ ಸುಸ್ತು. ಮೆಟ್ರೋದಲ್ಲಿ ಎಡಗೈಯಿಂದ ಮೇಲಿನ ಹಿಡಿಕೆ ಹಿಡಿಯಲಾರೆ. ಮುಂದಿನ ಸ್ಟೇಷನ್ನಿನಲ್ಲಿ ಇಳಿಯಬೇಕಾದವನಂತೆ ಎದ್ದು ಒಬ್ಬ ಹುಡುಗ ಜಾಗ ಕೊಟ್ಟ, ಇಳಿಯಲಿಲ್ಲ, ಬಾಗಿಲ ಹತ್ತಿರ ನಿಂತೇ ಇದ್ದ.

ಗಾಲಿಕುರ್ಚಿಯಲ್ಲಿ ಹೋದ ವಾರ ಬಂದಿದ್ದ ಎಳೆಯ ಹೆಂಗಸು ಬರುವುದಿಲ್ಲವಂತೆ. ಬೆನ್ನುಮೂಳೆಗೆ ಇಳಿದಿತ್ತು. ಅವಳಿಗೆ ಒಂದೇ ಕರೆಂಟು, ನೋವಿಗೆ. ಅವಳ ಗಂಡ ಚೀಟಿ ತೆಗೆದುಕೊಳ್ಳಲು ಬಂದಿದ್ದ, ಮೂಲೆಗೆ ಕರೆದು ಕೇಳಿದ, "ಆಂಟಿ, ಕರುಣಾಶ್ರಯ ಎಲ್ಲಿ?" ಮಾರತಹಳ್ಳಿ ಕಡೆ ಎಂದೆ. ದುಡ್ಡು ತೆಗೆದುಕೊಳ್ಳುವುದಿಲ್ಲ, 1999ರಿಂದ ನಡೆಸುತ್ತಿದ್ದಾರೆ, ನೋವು ಕಡಿಮೆ ಮಾಡುವುದೇ ಅವರ ಕೆಲಸ, ಡಾಕ್ಟರ ಹತ್ತಿರ ಕಾಗದ ಬರೆಸಿಕೋ. ಅಷ್ಟೇ ಹೇಳಿದ್ದು. ಧೈರ್ಯವಾಗಿರು ಎನ್ನಲಿಲ್ಲ. ಏಳು ತಿಂಗಳಿಂದ ನನಗೆ ಅದನ್ನು ಹೇಳಿದವರು ನೂರು ಜನ. ಕಂಕುಳಿಗೆ ಪೌಡರ್ ಹಾಕಬೇಡ ಎಂದವರು ಇಬ್ಬರು.

6 ಸೆಪ್ಟೆಂಬರ್, ಶುಕ್ರವಾರ

ಗೌರಿ. ಬೆಳಿಗ್ಗೆ ಬಾಗಿನ ಕೊಟ್ಟು ಹದಿನಾಲ್ಕನೆಯದಕ್ಕೆ ಹೋದೆ. ಹಸಿರು ಬಳೆ ಬಲಗೈಗೆ ಮಾತ್ರ. ಎಡಗೈಗೆ ಬಳೆಯೂ ಇಲ್ಲ, ಬಿ.ಪಿ. ಪಟ್ಟಿಯೂ ಇಲ್ಲ, ಸೂಜಿಯೂ ಇಲ್ಲ. ಗೀರಿ ಹುಣ್ಣಾದರೆ ಗಂಟು ತೆಗೆದ ಕಡೆಯ ಕೈ ಬಾತುಕೊಂಡೀತು. ಅಜ್ಜಿ ಗುರಾಯಿಸಿದರು, "ಒಂದು ಕೈಗೆ ಬಳೆ ತೊಡ್ತಾರೇನೇ?" ನಿಮ್ಮ ಎಡಗೈಯವನ್ನೂ ತೆಗೆಯಿರಿ ಎಂದೆ. ಗೊಣಗುತ್ತ ತೆಗೆದರು, ಬಿಗಿಯಾದದ್ದೊಂದು ಬರಲೇ ಇಲ್ಲ, ನರ್ಸ್ ಸೋಪು ತಂದಳು.

ಹೂವಿನಾಕೆಯದು ಇವತ್ತಿಗೆ ಮುಗಿಯಿತು. ಮೊಳ ಮಲ್ಲಿಗೆ ತಂದಿದ್ದಳು. ಕೀಮೋ ಆದ ಮೇಲೆ ನನಗೆ ಬಂದಿರುವ ಕೂದಲು ಒಂದಿಂಚು. ಎಲ್ಲಿ ಮುಡಿಸುತ್ತೀಯ ಎಂದು ನಕ್ಕೆ. ಬಾಯಲ್ಲಿ ಪಿನ್ನು ಕಚ್ಚಿಕೊಂಡು, ನಾಲ್ಕು ಪಿನ್ನಿನಲ್ಲಿ ಕಿವಿಯ ಹಿಂದೆ ನಿಲ್ಲಿಸಿಯೇಬಿಟ್ಟಳು. ಕೆ.ಆರ್. ಪುರದವರೆಗೂ ಬೀಳಲಿಲ್ಲ. ಮಗುವಿನ ಫೋಟೋ ತೋರಿಸಿದಳು, ಅವಳ ತೊಡೆಯ ಮೇಲೆ.

9 ಸೆಪ್ಟೆಂಬರ್, ಸೋಮವಾರ

ಹದಿನೈದು. ಕೆಲವು ಆಸ್ಪತ್ರೆಗಳಲ್ಲಿ ಮುಗಿದ ದಿನ ಗಂಟೆ ಬಾರಿಸಿ ಚಪ್ಪಾಳೆ ಹೊಡೆಯುತ್ತಾರೆ. ಇಲ್ಲಿ ಗಂಟೆ ಇಲ್ಲ, ಒಳ್ಳೆಯದೇ ಆಯಿತು. ಗಾಲಿಕುರ್ಚಿಯಲ್ಲಿ ಕೂತವರೂ ಅದನ್ನು ಕೇಳಬೇಕಾಗುತ್ತಿತ್ತು.

ಚರ್ಮ ಇನ್ನೂ ಒಂದೆರಡು ವಾರ ಕೆಡುತ್ತದೆ, ಆಮೇಲೆ ಸುಧಾರಿಸುತ್ತದೆ ಎಂದರು. ನಾಳೆಯಿಂದ ಲೆಟ್ರೋಜೋಲ್ ಮಾತ್ರೆ, ದಿನಕ್ಕೊಂದು, ಐದು ವರ್ಷ.

ಅಜ್ಜಿಗೆ ಇನ್ನೂ ಏಳು ಬಾಕಿ. ನಾಳೆ ಮೊಮ್ಮಗನಿಗೆ ಪರೀಕ್ಷೆ. ಹತ್ತೂವರೆಗೆ ಕೆ.ಆರ್. ಪುರ ಬಸ್ ಸ್ಟಾಪಿನಲ್ಲಿ ನಾನು ಕಾಯುತ್ತೇನೆ ಎಂದು ಹೇಳಿದ್ದೇನೆ.